ಮಿಡಿ ಅಂದ್ರೆ ಉಪ್ಪಿನಕಾಯಿ ಮಿಡಿ ಅಲ್ಲ

1/8

ಸೀದಾ ವಿಷಯಕ್ಕೆ ಬರ್ತೇನೆ. ಮದುವೆ ಫೋಟೋ, ಆಟದ ಫೋಟೋ, ನಮ್ಮ ಬಾರ್ಕೂರಿನ ಕತ್ತಲೆ ಬಸದಿಯ ಫೋಟೋ, ಮೂರನ್ನೂ ಒಂದೇ ಪ್ರೀಸೆಟ್‌ನಲ್ಲಿ ಅದ್ದಿ ತೆಗೆಯುವ ಅಭ್ಯಾಸವನ್ನು ನಾವು ಬಿಡ್ಬೇಕು. ಬಿಡ್ಲಿಕ್ಕೆ ಒಂದು ದಾರಿ ಸಂಗೀತದವರ ಪೆಟ್ಟಿಗೆಯಲ್ಲಿ ಉಂಟು. ಅದರ ಹೆಸರು ಮಿಡಿ ಕಂಟ್ರೋಲರ್.

ಹೋದ ವಾರ ಸ್ಟೋರಿಯಲ್ಲಿ ನನ್ನ ಲ್ಯಾಪ್‌ಟಾಪ್ ಪಕ್ಕ ಇದ್ದ ಎಂಟು ನಾಬ್‌ನ ಕಪ್ಪು ಪೆಟ್ಟಿಗೆ ಕಂಡು ಕ್ಲಾಸಿನವರೆಲ್ಲ ಒಂದೇ ಪ್ರಶ್ನೆ: "ಎಂತ ಮಾರಾಯ, ಡಿಜೆ ಆಪುಕ್ ಹೊರಟ್ಯಾ?" ಇಲ್ಲ. ಅದು ಫೋಟೋ ಎಡಿಟಿಂಗ್‌ಗೆ ಇಟ್ಟದ್ದು. ಒಂದು ನಾಬ್ ತಿರುಗಿಸಿದ್ರೆ ಎಕ್ಸ್‌ಪೋಶರ್ ಏರ್ತದೆ, ಇನ್ನೊಂದು ತಿರುಗಿಸಿದ್ರೆ ನೆರಳು ತಿಳಿಯಾಗ್ತದೆ, ಮತ್ತೊಂದಕ್ಕೆ ವೈಟ್ ಬ್ಯಾಲೆನ್ಸ್. ಮೌಸ್ ಹಿಡಿದು ಪುಟ್ಟ ಸ್ಲೈಡರ್ ಹುಡುಕುವ ಕೆಲಸ ಇಲ್ಲ.

ಇದು "ನನ್ನ ಸೆಟಪ್ ಕಾಣಿ" ಅನ್ನುವ ಪೋಸ್ಟ್ ಅಲ್ಲ. ಈ ನಾಬ್‌ಗಳ ಹಿಂದೆ ನನಗೆ ಒಂದು ವಾದ ಉಂಟು. ಎಂಟು ಭಾಗ ಮಾಡಿದ್ದೇನೆ. ಪುರ್ಸೊತ್ತಲ್ಲಿ ಓದಿ.

2/8

ಮೊದಲು, ಮಿಡಿ ಅಂದ್ರೆ ಎಂತ?

ಮಾವಿನ ಮಿಡಿ ಅಲ್ಲ. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಅನ್ನುವ ಉದ್ದ ಹೆಸರಿನ ಚುಟುಕು. 1980ರ ಸುಮಾರಿಗೆ ಒಂದೊಂದು ಕಂಪನಿಯ ಎಲೆಕ್ಟ್ರಾನಿಕ್ ಕೀಬೋರ್ಡ್‌ಗೆ ಒಂದೊಂದು ಭಾಷೆ. ಇದರ ಮಾತು ಅದಕ್ಕೆ ತಿಳೀತಿರಲಿಲ್ಲ. ಅಮೆರಿಕದ ಸೀಕ್ವೆನ್ಶಿಯಲ್ ಸರ್ಕಿಟ್ಸ್ ಕಂಪನಿಯ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮುಂದೆ ನಿಂತು, ಬೇರೆ ಕಂಪನಿಗಳನ್ನೂ ಸೇರಿಸಿಕೊಂಡು ಒಂದು ಸಾಮಾನ್ಯ ಭಾಷೆ ಮಾಡಿದ್ರು. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಪ್ರದರ್ಶನದಲ್ಲಿ ಎರಡು ಬೇರೆ ಕಂಪನಿಯ ಕೀಬೋರ್ಡ್‌ಗಳನ್ನು ಒಂದು ಕೇಬಲ್‌ನಿಂದ ಜೋಡಿಸಿ ತೋರಿಸಿದ್ರು. ಒಂದನ್ನು ಒತ್ತಿದ್ರೆ ಇನ್ನೊಂದು ನುಡೀತು. ಈ ಕೆಲಸಕ್ಕೆ 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಬಂತು.

ಬಿಕಾಂನವರು ಗಮನಿಸಬೇಕಾದ ಮಾತು: ಈ ಭಾಷೆ ಬಳಸ್ಲಿಕ್ಕೆ ಯಾರಿಗೂ ರಾಯಲ್ಟಿ ಕಟ್ಟಬೇಕಾಗಿಲ್ಲ. ಹಾಗಾಗಿಯೇ ಅದು ಹಬ್ಬಿದ್ದು, ಇಷ್ಟು ವರ್ಷ ಉಳಿದದ್ದು.

ಇನ್ನೊಂದು ಮಾತು. ಮಿಡಿ ಕೇಬಲ್‌ನಲ್ಲಿ ಸದ್ದು ಹರಿಯುವುದಿಲ್ಲ, ಬರೇ ಅಂಕೆ ಹರಿಯುವುದು. ನಾಬ್ ತಿರುಗಿಸಿದಾಗ ಅದು ಹೇಳುವುದು ಮೂರೇ ಸಂಗತಿ. 16 ಚಾನೆಲ್‌ಗಳಲ್ಲಿ ಯಾವುದು, ಎಷ್ಟನೇ ನಂಬರಿನ ನಾಬ್, 0ಯಿಂದ 127ರೊಳಗೆ ಈಗ ಎಲ್ಲಿದೆ. ಈ ಅಂಕೆಯನ್ನು ಹಿಡಿದು ಕೀಬೋರ್ಡ್ ತನ್ನ ಸ್ವರ ಬದಲಿಸಬಹುದು. ಫೋಟೋ ಸಾಫ್ಟ್‌ವೇರ್ ತನ್ನ ಎಕ್ಸ್‌ಪೋಶರ್ ಬದಲಿಸಬಹುದು. ನಾಬ್‌ಗೆ ಎರಡೂ ಒಂದೇ.

3/8

ಮೌಸ್ ಇರುವಾಗ ನಾಬ್ ಯಾಕೆ?

ಒಂದು ಫೋಟೋದ ಎಕ್ಸ್‌ಪೋಶರ್ ಸರಿ ಮಾಡುವಾಗ ನಿಮ್ಮ ಕಣ್ಣು ಎಲ್ಲಿರ್ತದೆ, ಒಂದ್ಸಲ ಗಮನಿಸಿ. ಫೋಟೋದಲ್ಲಿ ಇರುವುದಿಲ್ಲ. ಬಲಬದಿಯ ಪ್ಯಾನೆಲ್‌ನಲ್ಲಿ ಇರ್ತದೆ. ಸ್ಲೈಡರ್ ಹುಡುಕು, ಹಿಡಿ, ಎಳೆ, ಮತ್ತೆ ಫೋಟೋ ನೋಡು, ಮತ್ತೆ ಸ್ಲೈಡರ್‌ಗೆ ಬಾ. ಅರ್ಧ ಹೊತ್ತು ನಾವು ನೋಡುವುದು ಗೆರೆ ಮತ್ತು ಅಂಕೆ. "+0.50 ಹಾಕಿದ್ದೇನೆ, ಸಾಕು" ಅಂತ ಬುದ್ಧಿ ಹೇಳ್ತದೆ. ಮುಖ ಸರಿ ಕಾಣ್ತದಾ ಅಂತ ಕಣ್ಣು ಹೇಳುವಷ್ಟರಲ್ಲಿ ಮುಂದಿನ ಫೋಟೋಗೆ ಹೋಗಿ ಆಗಿರ್ತದೆ.

ನಮ್ಮೂರಲ್ಲಿ ಆಟ ನೋಡದವರು ಇಲ್ಲ. ಮಂದಾರ್ತಿ ಮೇಳದ ಆಟ ಇದ್ದಾಗ ಚೆಂಡೆಯವರನ್ನು ಕಾಣಿ. ಅವರ ಕಣ್ಣು ಚೆಂಡೆಯ ಮೇಲೆ ಇರುವುದಿಲ್ಲ, ವೇಷದ ಹೆಜ್ಜೆಯ ಮೇಲೆ ಇರ್ತದೆ. ಕೋಲು ಎಲ್ಲಿ ಬೀಳಬೇಕು ಅಂತ ಕೈಗೆ ಗೊತ್ತು. ಹೆಜ್ಜೆ ಬದಲಾದ ಗಳಿಗೆಯಲ್ಲೇ ಪೆಟ್ಟು ಬದಲಾಗ್ತದೆ. ಅವರು ಪ್ರತಿ ಪೆಟ್ಟಿಗೂ ಕೆಳಗೆ ನೋಡಿದ್ರೆ ಆಟ ನಡೆದೀತಾ?

ಭಜನೆಗೆ ಕೂತವರ ಎದುರಿನ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯೂ ಹಾಗೇ. ಅಂಥ ಪೆಟ್ಟಿಗೆ ಮಾಡುವ ಬೆಂಗಳೂರಿನ ರಾಡೆಲ್ ಕಂಪನಿ ಕಟ್ಟಿದ ಜಿ. ರಾಜ್ ನಾರಾಯಣ್ ಇಂಜಿನಿಯರ್ ಮಾತ್ರ ಅಲ್ಲ, ಕೊಳಲು ನುಡಿಸುವವರು. ಶ್ರುತಿ ಹೊಂದಿಸುವಾಗ ಬೆರಳು ನಾಬ್ ಮೇಲೆ, ಕಿವಿ ನಾದದ ಮೇಲೆ. ಅಂಕೆ ನೋಡಿ ಶ್ರುತಿ ಕೂರಿಸುವುದಲ್ಲ, ಕೇಳಿ ಕೂರಿಸುವುದು.

ಫೋಟೋದಲ್ಲಿ ಕಿವಿಯ ಜಾಗದಲ್ಲಿ ಕಣ್ಣು, ಅಷ್ಟೇ ವ್ಯತ್ಯಾಸ. ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್ ಬಳಸಿದವರಿಗೆ ಇದು ಆಗಲೇ ಗೊತ್ತು. ಅಲ್ಲಿ ಬೆರಳನ್ನು ಫೋಟೋ ಮೇಲೇ ಅಡ್ಡ ಎಳೆದ್ರೆ ಬೆಳಕು ಏರಿಳಿತದೆ. ಸಣ್ಣ ಸ್ಲೈಡರ್ ಹಿಡಿಯುವ ತಾಪತ್ರಯ ಇಲ್ಲ. ಕಂಪ್ಯೂಟರಿನಲ್ಲಿ ಆ ಸುಖ ಕೊಡುವುದು ನಾಬ್.

4/8

"ಇದೆಲ್ಲ ಹೊಸ ಶೋಕಿ" ಅನ್ನುವವರಿಗೆ ಸ್ವಲ್ಪ ಹಳೇ ಕತೆ.

ರೀಲಿನ ಕಾಲದಲ್ಲಿ ಕಲರ್ ಲ್ಯಾಬ್‌ನ ಮಿನಿಲ್ಯಾಬ್ ಮಿಷನ್ ಎದುರು ಒಬ್ಬ ಆಪರೇಟರ್ ಕೂರ್ತಿದ್ರು. ಅವರ ಕೈಕೆಳಗೆ ಹಳದಿ, ಮಜೆಂಟಾ, ಸಯಾನ್, ಡೆನ್ಸಿಟಿ ಅಂತ ಬೇರೆ ಬೇರೆ ಕೀಲಿಗಳು. ನೆಗೆಟಿವ್‌ನ ಒಂದೊಂದು ಫ್ರೇಮ್ ಪರದೆಗೆ ಬಂದ ಹಾಗೆ ಕಣ್ಣು ಮುಖ ನೋಡ್ತಿತ್ತು, ಬೆರಳು ಕೀಲಿ ಒತ್ತುತ್ತಿತ್ತು. ಸ್ವಲ್ಪ ಕೆಂಪು ಜಾಸ್ತಿ, ತೆಗೆ. ಸ್ವಲ್ಪ ಕಪ್ಪು, ಡೆನ್ಸಿಟಿ ಇಳಿಸು. ಮುಂದಿನದು. ನಮ್ಮ ಅಪ್ಪ-ಅಮ್ಮನ ಕಾಲದ ಆಲ್ಬಮ್‌ನ ಎಷ್ಟೋ ಫೋಟೋಗಳು ಹೀಗೆ ಒಬ್ಬರ ಕಣ್ಣು-ಬೆರಳಿನ ನಡುವೆ ಹಾದು ಬಂದವು.

ಅಂದ್ರೆ ಒಂದೊಂದು ಫೋಟೋಗೆ ಒಂದೊಂದು ತೀರ್ಮಾನ ಅನ್ನುವುದು ಆಗ ದಿನನಿತ್ಯದ ಕೂಲಿ ಕೆಲಸ ಆಗಿತ್ತು. ಡಿಜಿಟಲ್ ಬಂದ ಮೇಲೆ ನೂರು ಫೋಟೋದ ಜಾಗದಲ್ಲಿ ಸಾವಿರ ಫೋಟೋ ಆಯ್ತು, ಕೀಲಿ ಹೋಗಿ ಮೌಸ್ ಬಂತು. ಸಾವಿರ ಫೋಟೋಗೆ ಮೌಸ್ ಎಳೆಯುವ ತಾಳ್ಮೆ ಯಾರಿಗುಂಟು? ಪ್ರೀಸೆಟ್ ಗೆದ್ದದ್ದು ಹಾಗೆ. ಅದು ಚಂದ ಅಂತ ಗೆದ್ದದ್ದಕ್ಕಿಂತ ಕೈ ಸೋತದ್ದರಿಂದ ಗೆದ್ದದ್ದೇ ಹೆಚ್ಚು.

ಒಂದು ಅಳತೆಯನ್ನು ಎಲ್ಲರಿಗೂ ಹಾಕಿದ್ರೆ ಏನಾಗ್ತದೆ ಅನ್ನುವುದಕ್ಕೂ ಚರಿತ್ರೆ ಉಂಟು. ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲಿಕ್ಕೆ ಒಂದು ಮಾದರಿ ಚಿತ್ರ ಕಳಿಸ್ತಿತ್ತು. ಅದಕ್ಕೆ "ಶರ್ಲಿ ಕಾರ್ಡ್" ಅಂತ ಹೆಸರು. ದಶಕಗಳ ಕಾಲ ಆ ಕಾರ್ಡ್‌ನಲ್ಲಿ ಇದ್ದದ್ದು ಬಿಳಿ ಚರ್ಮದ ಹೆಂಗಸಿನ ಮುಖ. ಅವಳ ಮುಖ ಸರಿ ಬಂದ್ರೆ ಮಿಷನ್ ಸರಿ ಅಂತ ಲೆಕ್ಕ. ಕಪ್ಪು, ಕಂದು ಚರ್ಮದವರ ಮುಖ ಮಸಿಯಾಗಿ ಬಂದ್ರೂ ಅದು ಮಿಷನ್‌ನ ತಪ್ಪು ಅಂತ ಯಾರೂ ಹೇಳ್ತಿರಲಿಲ್ಲ. ಬೇರೆ ಬೇರೆ ಮೈಬಣ್ಣದವರು ಇದ್ದ ಕಾರ್ಡ್ ಬಂದದ್ದು ತುಂಬಾ ತಡವಾಗಿ.

ಇವತ್ತು ನಾವು ದುಡ್ಡು ಕೊಟ್ಟು ತರಿಸುವ ಪ್ರೀಸೆಟ್ ಪ್ಯಾಕ್ ಯಾರ ಮುಖಕ್ಕೆ, ಯಾವ ಊರಿನ ಬೆಳಕಿಗೆ ಮಾಡಿದ್ದು? ಯಾವತ್ತಾದ್ರೂ ಕೇಳಿದ್ದೇವಾ?

5/8

ಈಗ ನಮ್ಮೂರಿಗೆ ಬರುವ.

ಮದುಮಗಳ ತಲೆಯಲ್ಲಿ ಶಂಕರಪುರ ಮಲ್ಲಿಗೆ. ಅದು ಬೆಳ್ಳಗೆ ಇರಬೇಕು. "ಮೂಡಿ" ಅನ್ನುವ ಪ್ರೀಸೆಟ್ ಹಾಕಿದ್ರೆ ಅದು ನಿನ್ನೆಯ ಹೂವಿನ ಹಾಗೆ ಹಳದಿ. "ಬ್ರೈಟ್ ಆ್ಯಂಡ್ ಏರಿ" ಹಾಕಿದ್ರೆ ಮಲ್ಲಿಗೆ ಬಿಳಿಯೇ, ಆದ್ರೆ ಮುಖವೂ ಬಿಳಿ. ನೆಂಟರೊಬ್ಬರ ಮದುವೆಯ ಕರಿಜ್ಮಾ ಆಲ್ಬಮ್ ನೋಡ್ತಾ ನನ್ನ ಅಮ್ಮಮ್ಮ ಹೇಳಿದ ಮಾತು: "ಇದ್ ನಮ್ ಹೆಣ್ಣಾ? ಎಷ್ಟ್ ಬೆಳಿ ಮಾಡಿರ್ ಕಾಣ್!" ಎಲ್ಲರೂ ನಗೆಯಾಡಿದ್ರು. ಆ ಹುಡುಗಿ ಮಾತ್ರ ನಗಲಿಲ್ಲ. ಅವಳ ಮದುವೆಯ ಆಲ್ಬಮ್‌ನಲ್ಲಿ ಅವಳ ಬಣ್ಣ ಇರಲಿಲ್ಲ. "ನಿನ್ನ ಬಣ್ಣ ಇದ್ದ ಹಾಗೆ ಇದ್ರೆ ಆಲ್ಬಮ್‌ಗೆ ಆಗುವುದಿಲ್ಲ" ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ಕ್ಲಿಕ್ ಹೇಳಿತ್ತು.

ಆಟದ ಫೋಟೋ ತಗೊಳ್ಳಿ. ಬಡಗುತಿಟ್ಟಿನ ವೇಷದ ಕೆಂಪು ಎಂಥ ಕೆಂಪು! ಟೀಲ್-ಆರೆಂಜ್ ಪ್ರೀಸೆಟ್ ಅದನ್ನು ಕಿತ್ತಳೆ ಮಾಡಿ ಇಡ್ತದೆ. ಚೌಕಿಯ ಬಲ್ಬಿನ ಬೆಳಕೇ ಬೇರೆ, ರಂಗಸ್ಥಳದ ಎಲ್‌ಇಡಿ ಬೇರೆ, ಬೆಳಗಿನ ಜಾವದ ಆಕಾಶದ ಬೆಳಕು ಬೇರೆ. ಒಂದೇ ರಾತ್ರಿಯಲ್ಲಿ ಮೂರು ಬೆಳಕು. ಮೂರಕ್ಕೂ ಒಂದೇ ಮದ್ದು ಕೊಟ್ರೆ ಹೇಗೆ?

ಮಳೆಗಾಲದ ಗದ್ದೆ? ಹಸಿರನ್ನು ಬೂದಿ ಮಾಡುವ ಪ್ರೀಸೆಟ್ ಈಗ ಫ್ಯಾಷನ್. ಸೀತಾನದಿ ಬದಿಯ ನಮ್ಮ ಹಸಿರನ್ನು ಬೂದಿ ಮಾಡಿ ಕೆಳಗೆ "ಹೋಮ್" ಅಂತ ಬರೆದ್ರೆ ಅದು ಯಾರ ಮನೆ? ಕತ್ತಲೆ ಬಸದಿಯ ಒಳಗೆ ನೆರಳನ್ನು ಪೂರ್ತಿ ಎತ್ತಿ ಹಗಲು ಮಾಡಿದ್ರೆ ಆ ಹೆಸರಿಗೆ ಅರ್ಥ ಉಳೀತದಾ? ಅಲ್ಲಿ ನೆರಳು ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ನಿಂತು ನೋಡಿದವರೇ ತೀರ್ಮಾನಿಸಬೇಕು.

ನನ್ನ ವಾದ ಇಷ್ಟೇ: ಪ್ರೀಸೆಟ್ ಎಲ್ಲ ಫೋಟೋಗೂ ಒಂದೇ ಉತ್ತರ ಕೊಡ್ತದೆ. ನಾಬ್ ಇದ್ರೆ ಒಂದೊಂದು ಫೋಟೋವನ್ನೂ "ನಿನಗೆ ಎಷ್ಟು ಬೇಕು?" ಅಂತ ಕೇಳ್ಲಿಕ್ಕೆ ಸಮಯ ಸಿಗ್ತದೆ.

6/8

ಈಗ ಬಿಕಾಂ ಲೆಕ್ಕ. ನಮ್ಮಲ್ಲಿ ಕೆಲವರು ಸೀಸನ್‌ನಲ್ಲಿ ಸ್ಟುಡಿಯೋಗಳಿಗೆ ರಾತ್ರಿ ಕೂತು ಎಡಿಟ್ ಮಾಡಿ ಕೊಡ್ತೇವೆ. ಫೋಟೋ ಲೆಕ್ಕದಲ್ಲೇ ದುಡ್ಡು. ಹಾಗಾಗಿ ನಿಧಾನ ಮಾಡಿದ್ರೆ ನಷ್ಟ ನಮ್ಮದೇ. "ಒಂದೊಂದು ಫೋಟೋಗೂ ಗಮನ ಕೊಡಿ" ಅಂತ ಪುಕ್ಕಟೆ ಉಪದೇಶ ಮಾಡಿದ್ರೆ ಅದು ನ್ಯಾಯ ಅಲ್ಲ. ಗಮನಕ್ಕೂ ಒಂದು ಖರ್ಚು ಉಂಟು.

ಉದಾಹರಣೆಗೆ ಹಿಡಿಯಿರಿ: ಒಂದು ಮದುವೆಗೆ 600 ಫೋಟೋ. ನಾಬ್‌ನಿಂದ ಒಂದು ಫೋಟೋಗೆ 20 ಸೆಕೆಂಡ್ ಉಳಿದ್ರೆ 12,000 ಸೆಕೆಂಡ್, ಅಂದ್ರೆ 200 ನಿಮಿಷ. ಮೂರು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತನ್ನು ನಿದ್ದೆಗೆ ಹಾಕ್ಬಹುದು, ಪರೀಕ್ಷೆಗೆ ಹಾಕ್ಬಹುದು. ಅದರಲ್ಲಿ ಅರ್ಧವನ್ನು ಮುಖದ ಬಣ್ಣಕ್ಕೆ ಹಾಕಿ ಅಂತ ಮಾತ್ರ ನಾನು ಕೇಳುವುದು. ನಿಮಗೆ 20 ಸೆಕೆಂಡ್ ಉಳೀತದಾ, 5 ಉಳೀತದಾ, ಸ್ಟಾಪ್‌ವಾಚ್ ಇಟ್ಟು ನೀವೇ ಅಳೆಯಿರಿ.

ಇನ್ನು ಬಂಡವಾಳ. ಫೋಟೋ ಎಡಿಟಿಂಗ್‌ಗೇ ಅಂತ ಮಾಡಿದ ಕನ್ಸೋಲ್‌ಗಳು ಉಂಟು. ಫಿನ್‌ಲ್ಯಾಂಡಿನ ಲೂಪ್‌ಡೆಕ್ ಅದರಲ್ಲಿ ಹೆಸರು ಮಾಡಿದ್ದು. 2023ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು. ಚಂದದ ಸಾಮಾನೇ, ಇಲ್ಲ ಅನ್ನುವುದಿಲ್ಲ. ಆದ್ರೆ ಅಂಥ ಪೆಟ್ಟಿಗೆ ಕೆಲಸ ಮಾಡುವುದು ಅದರ ಕಂಪನಿಯ ಸಾಫ್ಟ್‌ವೇರ್ ಇರುವ ತನಕ. ಮಿಡಿ ಪೆಟ್ಟಿಗೆ ಹಾಗಲ್ಲ. ಅದು ಮಾತಾಡುವುದು ಎಲ್ಲರಿಗೂ ತೆರೆದಿಟ್ಟ 1983ರ ಭಾಷೆ. ಒಂದು ಸಾಫ್ಟ್‌ವೇರ್ ನಿಂತ್ರೆ ಇನ್ನೊಂದಕ್ಕೆ ಜೋಡಿಸಬಹುದು. ಫೋಟೋ ಹುಚ್ಚು ಇಳಿದ್ರೆ ಸಂಗೀತದವರಿಗೆ ಮಾರಬಹುದು. ರೀಸೇಲ್ ವ್ಯಾಲ್ಯೂ ಅನ್ನುವುದನ್ನು ಕ್ಲಾಸಿನಲ್ಲಿ ಮಾತ್ರ ಓದಿದ್ರೆ ಸಾಕಾ?

ಮತ್ತೆ, ಅದು ಆಗಲೇ ನಿಮ್ಮ ಹತ್ತಿರ ಇರಲೂಬಹುದು. ಮನೆಯಲ್ಲಿ, ಇಗರ್ಜಿಯ ಕ್ವಾಯರ್‌ನಲ್ಲಿ, ರಸಮಂಜರಿ ತಂಡದಲ್ಲಿ ಯುಎಸ್‌ಬಿ ಮಿಡಿ ಇರುವ ಕೀಬೋರ್ಡ್ ಇದ್ರೆ ಅದರ ಮನೆಗಳನ್ನೇ "ಮುಂದಿನ ಫೋಟೋ", "ಇದು ಬೇಡ", "ಇದಕ್ಕೆ ಐದು ಸ್ಟಾರ್" ಅಂತ ಜೋಡಿಸಬಹುದು. ಒಂದು ವಾರ ಕೇಳಿ ತಂದು ಪರೀಕ್ಷೆ ಮಾಡಿ. ಖರೀದಿ ಆಮೇಲೆ.

7/8

ಮಾಡುವುದು ಹೇಗೆ? ಇದನ್ನು ಸೇವ್ ಮಾಡಿಟ್ಕೊಳ್ಳಿ.

ಲೈಟ್‌ರೂಮ್ ಕ್ಲಾಸಿಕ್ ಇದ್ರೆ ಮಿಡಿ2ಎಲ್‌ಆರ್ ಅನ್ನುವ ಪ್ಲಗ್ಇನ್ ಉಂಟು. ಉಚಿತ, ಓಪನ್ ಸೋರ್ಸ್, ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ. ನಾಬ್ ಒಮ್ಮೆ ತಿರುಗಿಸಿ, ಪಟ್ಟಿಯಲ್ಲಿ ಅದರ ಸಾಲು ಬರ್ತದೆ, ಅದಕ್ಕೆ ಎಕ್ಸ್‌ಪೋಶರ್ ಅಂತ ಆರಿಸಿ. ಮುಗೀತು. ಮೊಬೈಲ್ ಲೈಟ್‌ರೂಮ್‌ಗೆ ಇದು ಆಗುವುದಿಲ್ಲ.

ತಿಂಗಳು ತಿಂಗಳು ಅಡೋಬಿಗೆ ಕಟ್ಟಲಿಕ್ಕೆ ಆಗದವರಿಗೆ ಡಾರ್ಕ್‌ಟೇಬಲ್. ಪೂರ್ತಿ ಉಚಿತ. 2021ರ ಡಿಸೆಂಬರ್‌ನಲ್ಲಿ ಬಂದ 3.8 ಆವೃತ್ತಿಯ ಹೊಸ ಶಾರ್ಟ್‌ಕಟ್ ವ್ಯವಸ್ಥೆಯಲ್ಲೇ ಮಿಡಿ ಸೇರಿದೆ, ಬೇರೆ ಪ್ಲಗ್ಇನ್ ಬೇಡ.

ಪೆಟ್ಟಿಗೆ ಆರಿಸುವಾಗ ಒಂದು ವ್ಯತ್ಯಾಸ ತಿಳ್ಕೊಳ್ಳಿ. ಕೆಲವು ನಾಬ್‌ಗಳಿಗೆ ಎರಡೂ ಕಡೆ ಕೊನೆ ಇರ್ತದೆ, ಫ್ಯಾನ್ ರೆಗ್ಯುಲೇಟರ್ ಹಾಗೆ. ಮುಂದಿನ ಫೋಟೋಗೆ ಹೋದಾಗ ನಾಬ್ ಹಳೇ ಜಾಗದಲ್ಲೇ ಇರ್ತದೆ. ಮುಟ್ಟಿದ ಕೂಡಲೇ ಬೆಳಕು ಧಡಕ್ಕಂತ ಹಾರ್ತದೆ. ಅದಕ್ಕೆ "ಪಿಕಪ್" ಆಯ್ಕೆ ಆನ್ ಮಾಡಬೇಕು. ಆಗ ನಾಬ್ ಸರಿಯಾದ ಜಾಗ ದಾಟುವ ತನಕ ಏನೂ ಬದಲಾಗುವುದಿಲ್ಲ. ಇನ್ನು ಕೆಲವು ನಾಬ್‌ಗಳು ಕೊನೆಯಿಲ್ಲದೆ ಸುತ್ತುತ್ತವೆ. ಇವುಗಳಿಗೆ ಎನ್‌ಕೋಡರ್ ಅಂತ ಹೆಸರು. ಫೋಟೋಗೆ ಇವೇ ಒಳ್ಳೇದು. ಬೆರಿಂಜರ್ ಎಕ್ಸ್-ಟಚ್ ಮಿನಿಯಲ್ಲಿ ಇಂಥವು ಎಂಟು, ಸುತ್ತ ಎಲ್‌ಇಡಿ ಉಂಗುರ ಸಮೇತ. ಕಾರ್ಗ್ ನ್ಯಾನೋಕಂಟ್ರೋಲ್2ರಲ್ಲಿ ಎಂಟು ನಾಬ್, ಎಂಟು ಫೇಡರ್. ಅವು ಕೊನೆ ಇರುವ ಜಾತಿ.

ಇನ್ನೊಂದು ಸೂಕ್ಷ್ಮ. 0ಯಿಂದ 127 ಅಂದ್ರೆ 127 ಹೆಜ್ಜೆ. ಲೈಟ್‌ರೂಮ್ ಎಕ್ಸ್‌ಪೋಶರ್ -5ರಿಂದ +5, ಹತ್ತು ಸ್ಟಾಪ್. ಒಂದು ಹೆಜ್ಜೆಗೆ ಸುಮಾರು 0.08. ಸಾಕು. ಆದ್ರೆ ರಾ ಫೋಟೋದ ಟೆಂಪರೇಚರ್ 2,000ದಿಂದ 50,000 ಕೆಲ್ವಿನ್. ಒಂದು ಹೆಜ್ಜೆಗೆ ಸುಮಾರು 378 ಕೆಲ್ವಿನ್ ಹಾರ್ತದೆ. ಮಲ್ಲಿಗೆಗೆ ಇದು ಆಗುವುದಿಲ್ಲ. ಮಿಡಿ2ಎಲ್‌ಆರ್‌ನಲ್ಲಿ ಆ ವ್ಯಾಪ್ತಿಯನ್ನು 3,000ದಿಂದ 7,000ಕ್ಕೆ ಇಳಿಸಿ. ಆಗ ಒಂದು ಹೆಜ್ಜೆಗೆ 31 ಕೆಲ್ವಿನ್ ಆಸುಪಾಸು. ಕೈ ಹೇಳಿದ ಹಾಗೆ ಕೇಳ್ತದೆ.

ನನ್ನ ಎಂಟು ನಾಬ್: ಎಕ್ಸ್‌ಪೋಶರ್, ಹೈಲೈಟ್, ಶ್ಯಾಡೋ, ಬ್ಲ್ಯಾಕ್, ಟೆಂಪರೇಚರ್, ಟಿಂಟ್, ಕೆಂಪಿನ ಸ್ಯಾಚುರೇಶನ್, ಕಿತ್ತಳೆಯ ಲೂಮಿನನ್ಸ್. ಕೊನೆಯದು ಮೈಬಣ್ಣಕ್ಕೆ, ಯಾಕಂದ್ರೆ ನಮ್ಮ ಮುಖದ ಬಣ್ಣ ಹೆಚ್ಚಾಗಿ ಕಿತ್ತಳೆಯಲ್ಲೇ ಕೂರ್ತದೆ. ಆರಂಭದಲ್ಲಿ ಎರಡೇ ನಾಬ್ ಜೋಡಿಸಿ, ಕೈಗೆ ಜಾಗ ಬಾಯಿಪಾಠ ಆದ ಮೇಲೆ ಮೂರನೆಯದು.

ಒಂದು ಪೈಸೆಯೂ ಇಲ್ವಾ? ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್‌ನಲ್ಲಿ ಸ್ಲೈಡರ್ ಮೇಲೆ ಮೌಸ್ ಇಟ್ಟು ಕೀಬೋರ್ಡಿನ ಮೇಲೆ-ಕೆಳಗೆ ಬಾಣ ಒತ್ತಿ. ಕಣ್ಣು ಫೋಟೋದಲ್ಲೇ ಇಡಿ. ಅರ್ಧ ಲಾಭ ಅಲ್ಲೇ ಸಿಕ್ತು.

8/8

ಕೊನೆಗೆ ಮೂರು ಆಕ್ಷೇಪಣೆ.

"ಈಗ ಎಐ ಎಲ್ಲ ಮಾಡ್ತದೆ." ಮಾಡ್ತದೆ, ಒಪ್ಪುವ. ನಿಮ್ಮ ಹಳೇ ಎಡಿಟ್ ನೋಡಿ ಕಲಿತು ಹೊಸ ಫೋಟೋಗೆ ಹಾಕುವ ಸಾಫ್ಟ್‌ವೇರ್ ಬಂದಿದೆ. ಆದ್ರೆ ಅದು ಕಲಿಯುವುದು ಯಾರಿಂದ? ನೀವು ಈವರೆಗೆ ಹಾಕಿದ್ದೆಲ್ಲ ಬೇರೆಯವರ ಪ್ರೀಸೆಟ್ ಆಗಿದ್ರೆ ಅದು ನಿಮ್ಮಿಂದ ಕಲಿಯುವುದೂ ಆ ಪ್ರೀಸೆಟ್ಟೇ. ಮೊದಲು ನಿಮಗೊಂದು ಕಣ್ಣು ಬರಲಿ, ಆಮೇಲೆ ಅದನ್ನು ಮಿಷನ್‌ಗೆ ಕಲಿಸಿ.

"ಪಾರ್ಟಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅವರಿಗೂ ಬೆಳ್ಳಗೆ ಕಾಂಬುದೇ ಬೇಕು." ಕೆಲವರಿಗೆ ಬೇಕು, ಹೌದು. ದುಡ್ಡು ಕೊಡುವವರು ಕೇಳಿದ್ರೆ ಇಲ್ಲ ಅನ್ನಲಿಕ್ಕೆ ನಮಗೆ ಧೈರ್ಯ ಸಾಲದು. ಆದ್ರೆ ಕೇಳದವರಿಗೂ ನಾವೇ ಮುಂದಾಗಿ ಬಿಳಿ ಮಾಡಿ ಕೊಡುವುದು ಯಾಕೆ? ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿ. ಇದ್ದ ಬಣ್ಣವನ್ನು ಇದ್ದ ಹಾಗೆ, ಒಳ್ಳೇ ಬೆಳಕಿನಲ್ಲಿ ಕಂಡಾಗ ಎಷ್ಟೋ ಜನ ಅದನ್ನೇ ಆರಿಸ್ತಾರೆ. ಆರಿಸದಿದ್ರೂ ಕೇಳಿದ ಹಾಗಾಯ್ತು.

"ನಾಬ್ ಇದ್ರೂ ಕೆಟ್ಟ ಎಡಿಟ್ ಮಾಡಬಹುದಲ್ದಾ?" ಖಂಡಿತ. ನಾಬ್‌ಗೆ ಅಭಿರುಚಿ ಇಲ್ಲ. ಇನ್ನಷ್ಟು ಬೇಗ ಹಾಳು ಮಾಡಲಿಕ್ಕೂ ಅದು ಸಹಾಯ ಮಾಡ್ತದೆ. ಹಾಗೇ ಪ್ರೀಸೆಟ್ ಪೂರ್ತಿ ಪಾಪ ಅಂತಲೂ ನಾನು ಹೇಳುವುದಿಲ್ಲ. ಒಂದೇ ಬೆಳಕಿನಲ್ಲಿ ತೆಗೆದ ಐವತ್ತು ಫೋಟೋಗೆ ನೀವೇ ಮಾಡಿದ ಒಂದು ಬುನಾದಿ ಹಾಕಿ, ಸಿಂಕ್ ಮಾಡಿ, ಆಮೇಲೆ ಒಂದೊಂದಕ್ಕೂ ನಾಬ್. ಊಟಕ್ಕೆ ಅನ್ನ ಒಂದೇ ಪಾತ್ರೆಯಲ್ಲಿ ಬೇಯ್ತದೆ. ಯಾರಿಗೆ ಎಷ್ಟು ಬಡಿಸಬೇಕು ಅಂತ ಎಲೆ ನೋಡಿಯೇ ಬಡಿಸುವುದು.

ಈ ವಾರದ ಕೆಲಸ: ನಿಮ್ಮ ಗ್ಯಾಲರಿಯಿಂದ ಜನ ಇರುವ 20 ಫೋಟೋ ಆರಿಸಿ. ಪ್ರೀಸೆಟ್ ಮುಟ್ಟಬೇಡಿ. ನಾಬ್‌ನಲ್ಲೋ, ಬಾಣದ ಕೀಲಿಯಲ್ಲೋ, ಸ್ನ್ಯಾಪ್‌ಸೀಡ್‌ನಲ್ಲೋ, ಅಂಕೆ ನೋಡದೆ ಮುಖ ನೋಡಿ ಸರಿ ಮಾಡಿ. ಆಮೇಲೆ ಅದರಲ್ಲಿ ಇರುವವರಿಗೇ ಕಳಿಸಿ, "ಇದು ನೀವೇ ಹೌದಾ?" ಅಂತ ಕೇಳಿ. ಅವರು ಎಂತ ಹೇಳಿದ್ರು ಅಂತ ಕಾಮೆಂಟ್‌ನಲ್ಲಿ ಬರೀರಿ. ಲೈಕ್ ಬರದಿದ್ರೂ ಅಡ್ಡಿಲ್ಲ, ಆ ಉತ್ತರ ನನಗೆ ಬೇಕು.

#ಬಾರ್ಕೂರು #ಬ್ರಹ್ಮಾವರ #ಕುಂದಾಪ್ರಕನ್ನಡ #ಮಿಡಿಕಂಟ್ರೋಲರ್ #ಫೋಟೋಎಡಿಟಿಂಗ್ #ನಮ್ಮಬಣ್ಣ